ಅರ್ಧ ಪರ್ಸೆಂಟ್ ಜಮೀನು ಮತ್ತು ಅಮೆರಿಕದ ಶಿಕಾರಿಯವರು

ಬೇಟೆಗಾರ ಅಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಎರಡೇ ಚಿತ್ರ. ಒಂದು, ಸತ್ತ ಹುಲಿಯ ಪಕ್ಕ ಕೋವಿ ಊರಿ ನಿಂತ ಮಹಾರಾಜರ ಕಪ್ಪು-ಬಿಳುಪು ಫೋಟೋ. ಇನ್ನೊಂದು, ತಲೆಗೆ ಟಾರ್ಚು ಕಟ್ಟಿಕೊಂಡು ರಾತ್ರಿ ಕಾಡಿಗೆ ನುಗ್ಗಿ, ಎರಡು ದಿನ ಬಿಟ್ಟು ಪೇಪರಿನಲ್ಲಿ ಅರಣ್ಯ ಇಲಾಖೆಯವರ ನಡುವೆ ತಲೆ ತಗ್ಗಿಸಿ ಕೂತಿರುವವನು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಮೊದಲನೆಯವನ ಕಾಲ ಮುಗಿಯಿತು, ಎರಡನೆಯವನು ಕಳ್ಳನಾದ. ಹಾಗಾಗಿ 'ಸರ್ಕಾರಿ ಜಮೀನು ಮಾರಬೇಡಿ ಅಂತ ಬೇಟೆಗಾರರು ಗಲಾಟೆ ಮಾಡಿದರು' ಅಂದರೆ ನಮ್ಮ ಕಿವಿಗೆ ಅದು ತಮಾಷೆಯ ಸುದ್ದಿ.

ಅಮೆರಿಕದಲ್ಲಿ ಮೂರನೆಯ ಥರದವನೊಬ್ಬನಿದ್ದಾನೆ. ಇವನು ಪ್ಲಂಬರ್ರೋ, ಸ್ಕೂಲು ಮೇಷ್ಟ್ರೋ, ಟ್ರಕ್ ಡ್ರೈವರ್ರೋ ಆಗಿರುತ್ತಾನೆ. ಚಳಿಗಾಲಕ್ಕೆ ಮುಂಚೆ ಒಂದು ವಾರ ರಜೆ ಹಾಕಿ, ದುಡ್ಡು ಕೊಟ್ಟು ಲೈಸೆನ್ಸು ತಗೊಂಡು, ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ಹತ್ತುತ್ತಾನೆ. ಅದೃಷ್ಟ ಇದ್ದರೆ ಒಂದು ಎಲ್ಕ್ ಸಿಗುತ್ತದೆ (ನಮ್ಮ ಕಡವೆಯ ದೊಡ್ಡಣ್ಣ ಅಂದುಕೊಳ್ಳಿ). ಆ ಮಾಂಸ ಫ್ರೀಜರಿಗೆ ಹೋದರೆ ಮನೆಮಂದಿಗೆಲ್ಲ ತಿಂಗಳುಗಟ್ಟಲೆ ಊಟ. ಇವನ ಹೆಸರಲ್ಲಿ ಒಂದು ಗುಂಟೆ ಕಾಡೂ ಇಲ್ಲ. ಇವನು ಬೇಟೆಯಾಡುವುದು ಸರ್ಕಾರದ ಜಮೀನಿನಲ್ಲಿ.

ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಜಿಂಕೆ ಅಂದರೆ ರಾಜನದ್ದು, ಆಮೇಲೆ ಜಮೀನ್ದಾರನದ್ದು. ಬಡವ ಮುಟ್ಟಿದರೆ ಗಲ್ಲು. 1723ರ ಬ್ಲ್ಯಾಕ್ ಆಕ್ಟ್ ಎಂಬ ಕಾನೂನು ಮುಖಕ್ಕೆ ಮಸಿ ಬಳಿದುಕೊಂಡು ಜಿಂಕೆ ಕದಿಯುವವರಿಗೆ ಮರಣದಂಡನೆ ಇಟ್ಟಿತ್ತು! ಅಟ್ಲಾಂಟಿಕ್ ದಾಟಿದ ಮೇಲೆ ಅಮೆರಿಕದವರು ಈ ಲೆಕ್ಕವನ್ನು ತಿರುಗಿಸಿದರು. ಅಲ್ಲಿ ಕಾಡುಪ್ರಾಣಿ ಜಮೀನಿನ ಮಾಲೀಕನದ್ದಲ್ಲ, ಜನರೆಲ್ಲರದ್ದು. ಕೇಳಲು ಚೆನ್ನಾಗಿದೆ. ಆದರೆ ಎಲ್ಕ್ ನಿಮ್ಮದಾಗಿದ್ದು ಅದು ನಿಂತಿರುವ ಬೆಟ್ಟ ಬೇರೆಯವರದ್ದಾದರೆ? ಗೇಟಿನ ಹೊರಗೆ ನಿಂತು ದುರ್ಬೀನಿನಲ್ಲಿ ನೋಡಿ ಖುಷಿಪಡಬೇಕು, ಅಷ್ಟೆ. ಹಾಗಾಗಿ ಇವನ ಮಟ್ಟಿಗೆ ಸರ್ಕಾರಿ ಜಮೀನಿಲ್ಲದೆ ಬೇಟೆ ಇಲ್ಲ.

2025ರ ಜೂನ್‌ನಲ್ಲಿ ಯೂಟಾ ರಾಜ್ಯದ ಸೆನೆಟರ್ ಮೈಕ್ ಲೀ ಒಂದು ಪ್ರಸ್ತಾಪ ತಂದರು. ಟ್ರಂಪ್ ಸರ್ಕಾರದ ದೊಡ್ಡ ಬಜೆಟ್ ಮಸೂದೆಯೊಳಗೆ ಒಂದು ಭಾಗ. ಹನ್ನೊಂದು ಪಶ್ಚಿಮದ ರಾಜ್ಯಗಳಲ್ಲಿ ಅರಣ್ಯ ಇಲಾಖೆಯ ಜಮೀನು ಮತ್ತು ಬಿ.ಎಲ್.ಎಂ. ಎಂಬ ಭೂ ಇಲಾಖೆಯ ಜಮೀನು, ಎರಡರಲ್ಲೂ ಅರ್ಧದಿಂದ ಮುಕ್ಕಾಲು ಪರ್ಸೆಂಟ್ ಮಾರುವುದು. ಉದ್ದೇಶ: ಜನರಿಗೆ ಮನೆ ಕಟ್ಟಲು ಜಾಗ. ಅರ್ಧ ಪರ್ಸೆಂಟ್ ತಾನೇ, ಅದಕ್ಕೇನು ಇಷ್ಟು ರಂಪ ಅಂತ ನನಗೂ ಮೊದಲು ಅನ್ನಿಸಿತ್ತು. ಕೂತು ಹಿಂದಿನದನ್ನು ಓದುತ್ತಾ ಹೋದ ಮೇಲೆ ಗೊತ್ತಾಗಿದ್ದೇನೆಂದರೆ, ಈ ಜನ ಹೆದರುತ್ತಿರುವುದು ಆ ಅರ್ಧಕ್ಕಲ್ಲ. ಅವರ ಸರ್ಕಾರದ ಹಳೇ ಚಾಳಿಗೆ.

ಮೊದಲು ಜಮೀನು ಎಷ್ಟಿದೆ ನೋಡಿ. ಅಮೆರಿಕದ ಕೇಂದ್ರ ಸರ್ಕಾರದ ಹೆಸರಿನಲ್ಲಿರುವುದು ಸುಮಾರು 64 ಕೋಟಿ ಎಕರೆ. ನಮ್ಮ ಕರ್ನಾಟಕದಂಥ ಹದಿಮೂರು ರಾಜ್ಯಗಳನ್ನು ಇಡಬಹುದು. ಅಥವಾ ಇಡೀ ಭಾರತದ ಐದನೇ ನಾಲ್ಕು ಭಾಗ. ಇದರಲ್ಲಿ ಬಿ.ಎಲ್.ಎಂ. ನೋಡಿಕೊಳ್ಳುವುದು ಹತ್ತಿರ ಹತ್ತಿರ 24.5 ಕೋಟಿ ಎಕರೆ, ಅರಣ್ಯ ಇಲಾಖೆಯದ್ದು 19 ಕೋಟಿ ಚಿಲ್ಲರೆ. ಉಳಿದದ್ದು ನ್ಯಾಷನಲ್ ಪಾರ್ಕು, ಅಭಯಾರಣ್ಯ, ಮಿಲಿಟರಿ ಇತ್ಯಾದಿ. ಆದರೆ ಇದು ದೇಶದ ತುಂಬ ಸಮನಾಗಿ ಹರಡಿಲ್ಲ. ನೆವಾಡಾ ರಾಜ್ಯದ ಸುಮಾರು 80 ಪರ್ಸೆಂಟ್ ಕೇಂದ್ರದ್ದು, ಯೂಟಾ ಮತ್ತು ಐಡಾಹೋದಲ್ಲಿ 60 ಪರ್ಸೆಂಟಿಗೂ ಹೆಚ್ಚು. ಅದೇ ಟೆಕ್ಸಾಸ್‌ನಲ್ಲಿ ಎರಡು ಪರ್ಸೆಂಟೂ ಇಲ್ಲ. ಟೆಕ್ಸಾಸ್‌ನಲ್ಲಿ ಬೇಟೆಯಾಡಬೇಕೆಂದರೆ ಹೆಚ್ಚಿನವರು ಯಾವನೋ ಜಮೀನು ಮಾಲೀಕನಿಗೆ ಗುತ್ತಿಗೆ ದುಡ್ಡು ಕೊಡಬೇಕು. ಪಶ್ಚಿಮದ ಬೇಟೆಗಾರನ ಕೆಟ್ಟ ಕನಸಿನ ಹೆಸರೇ ಟೆಕ್ಸಾಸ್.

ಈಗ ಚಾಳಿಯ ವಿಷಯ. ಅಮೆರಿಕದ ಸರ್ಕಾರ ಹುಟ್ಟಿದಾಗಿನಿಂದ ಅದರ ಮುಖ್ಯ ವ್ಯಾಪಾರವೇ ಜಮೀನು ಮಾರಾಟ. ಸ್ವಾತಂತ್ರ್ಯ ಯುದ್ಧದ ಸಾಲ ತಲೆಯ ಮೇಲಿತ್ತು, ತೆರಿಗೆ ಹಾಕುವ ಅಧಿಕಾರ ಆಗಿನ ಕಾಂಗ್ರೆಸ್ಸಿಗೆ ಇರಲಿಲ್ಲ, ಇದ್ದದ್ದು ಜಮೀನೊಂದೇ. 1785ರಲ್ಲಿ ಒಂದು ಕಾಯಿದೆ ಮಾಡಿದರು. ಭೂಮಿಯನ್ನೆಲ್ಲ ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ ಮೋಜಣಿ ಮಾಡುವುದು. ಪ್ರತಿ ಚೌಕದಲ್ಲಿ ಒಂದೊಂದು ಚದರ ಮೈಲಿಯ 36 ತುಂಡು, ತುಂಡಿಗೆ 640 ಎಕರೆ, ಎಕರೆಗೆ ಕಡಿಮೆಯೆಂದರೆ ಒಂದು ಡಾಲರ್. 16ನೇ ನಂಬರಿನ ತುಂಡು ಶಾಲೆಗಳ ಖರ್ಚಿಗೆ ಮೀಸಲು. ನದಿ ಇರಲಿ, ಗುಡ್ಡ ಇರಲಿ, ಅದರ ಮೇಲೆ ನೇರ ಗೆರೆ! ನಮ್ಮಂಥವರಿಗೆ ಬೇಗ ಅರ್ಥವಾಗುವ ಹಾಗೆ ಹೇಳಬೇಕೆಂದರೆ ಒಂದು ಖಂಡವನ್ನೇ ಎಕ್ಸೆಲ್ ಶೀಟ್ ಮಾಡಿಟ್ಟರು. ವಿಮಾನದಲ್ಲಿ ಅಮೆರಿಕದ ಮಧ್ಯಭಾಗದ ಮೇಲೆ ಹಾರುವಾಗ ಕೆಳಗೆ ಕಾಣುವ ಚೌಕ ಚೌಕ ಹೊಲಗಳ ಗುಟ್ಟು ಇದೇ.

1862ರಲ್ಲಿ ಹೋಮ್‌ಸ್ಟೆಡ್ ಕಾಯಿದೆ ಬಂತು. ಐದು ವರ್ಷ ಅಲ್ಲೇ ವಾಸವಿದ್ದು ಉಳುಮೆ ಮಾಡಿದರೆ 160 ಎಕರೆ ಹೆಚ್ಚುಕಡಿಮೆ ಪುಕ್ಕಟೆ. ಈ ಒಂದು ಬಾಬತ್ತಿನಲ್ಲೇ ಮುಂದೆ 27 ಕೋಟಿ ಎಕರೆ ಖಾಸಗಿಯಾಯಿತು. ರೈಲು ಕಂಪನಿಗಳಿಗೂ ದಾನ ನಡೆಯಿತು. ಒಟ್ಟು ಕೊಟ್ಟದ್ದು ಹತ್ತಿರ ಹತ್ತಿರ 13 ಕೋಟಿ ಎಕರೆ. ಕೊಟ್ಟ ರೀತಿ ವಿಚಿತ್ರ. ಹಳಿಯ ಎರಡೂ ಬದಿಗೆ ಮೈಲಿಗಟ್ಟಲೆ, ಬೆಸ ನಂಬರಿನ ತುಂಡುಗಳು ರೈಲು ಕಂಪನಿಗೆ, ಸಮ ನಂಬರಿನವು ಸರ್ಕಾರಕ್ಕೆ. ರೈಲು ಬಂದ ಮೇಲೆ ಬೆಲೆ ಏರುತ್ತದೆ, ಆಗ ನಮ್ಮ ತುಂಡುಗಳನ್ನೂ ಒಳ್ಳೇ ರೇಟಿಗೆ ಮಾರಬಹುದು ಎಂಬ ಲೆಕ್ಕಾಚಾರ. ಹುಲ್ಲು ಬಿಟ್ಟರೆ ಏನೂ ಬೆಳೆಯದ ವಯೋಮಿಂಗ್‌ನಂಥ ಕಡೆ ಸರ್ಕಾರದ ತುಂಡುಗಳನ್ನು ಕೊಳ್ಳುವವರೇ ಬರಲಿಲ್ಲ. ನಕ್ಷೆ ಚದುರಂಗದ ಹಾಸಿನಂತೆ ಉಳಿದುಬಿಟ್ಟಿತು. ಕಪ್ಪು ಮನೆ ಖಾಸಗಿ, ಬಿಳಿ ಮನೆ ಸಾರ್ವಜನಿಕ.

ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ. ಈ ಚದುರಂಗದ ಹಾಸಿನ ಮೇಲೆ ಇತ್ತೀಚೆಗೆ ಒಂದು ಮಜಬೂತಾದ ಕೇಸು ನಡೆಯಿತು.

ವಯೋಮಿಂಗ್‌ನಲ್ಲಿ ಎಲ್ಕ್ ಮೌಂಟನ್ ಎಂಬ ಬೆಟ್ಟವಿದೆ. ಹೆಸರಿಗೆ ತಕ್ಕಂತೆ ಎಲ್ಕ್‌ಗಳೂ ಇವೆ. ಅಲ್ಲಿನ 20 ಸಾವಿರ ಎಕರೆಗೂ ದೊಡ್ಡದಾದ ಒಂದು ರ‍್ಯಾಂಚಿನ ನಡುನಡುವೆ ಸರ್ಕಾರಿ ಚೌಕಗಳು ಸಿಕ್ಕಿಕೊಂಡಿವೆ. ಚದುರಂಗದ ಹಾಸಿನಲ್ಲಿ ಒಂಟೆ ನಡೆಯುವುದನ್ನು ನೆನಪಿಸಿಕೊಳ್ಳಿ. ಒಂದು ಬಿಳಿ ಮನೆಯಿಂದ ಇನ್ನೊಂದು ಬಿಳಿ ಮನೆಗೆ ಮೂಲೆಯಿಂದ ಮೂಲೆಗೆ ದಾಟಬೇಕು. ನೆಲ ಮುಟ್ಟದೆ ದಾಟಬಹುದು, ಆದರೆ ದಾಟುವಾಗ ಭುಜ ಎರಡು ಕಪ್ಪು ಮನೆಗಳ ಮೇಲಿನ ಗಾಳಿಯಲ್ಲಿ ಹಾಯುತ್ತದೆ. ಬಿಂದುವಿಗೆ ಉದ್ದ ಅಗಲ ಇಲ್ಲ ಅಂತ ಹೈಸ್ಕೂಲಿನಲ್ಲಿ ಓದಿದ್ದು ಇಲ್ಲಿ ಕೋರ್ಟಿನ ಪ್ರಶ್ನೆಯಾಯಿತು ನೋಡಿ! ಮೂಲೆಯ ಆಚೀಚೆ ಎರಡು ಕಂಬ ನೆಟ್ಟು, ನಡುವೆ ಸರಪಳಿ ಹಾಕಿ, ಒಳಗೆ ಬರಬಾರದೆಂಬ ಬೋರ್ಡು ತಗುಲಿಸಿದ್ದರು. ಮಿಸೌರಿಯಿಂದ ಬಂದ ಬೇಟೆಗಾರರು 2020ರಲ್ಲಿ ಆ ಕಂಬ ಹಿಡಿದುಕೊಂಡೇ ಆಚೆ ದಾಟಿದರು. 2021ರಲ್ಲಿ ಬರುವಾಗ ಆ ಮೂಲೆಗೆಂದೇ ಒಂದು ಕಬ್ಬಿಣದ ಏಣಿ ಮಾಡಿಸಿ ತಂದಿದ್ದರು. ಆ ಕಡೆ ಮೆಟ್ಟಿಲು, ಈ ಕಡೆ ಮೆಟ್ಟಿಲು. ಮೂಲೆ ಎಲ್ಲಿದೆ ಅಂತ ಹುಡುಕಿದ್ದು ಮೊಬೈಲಿನಲ್ಲಿ. ಯಾವ ತುಂಡು ಯಾರದ್ದು ಎಂದು ಜಿಪಿಎಸ್ ನಕ್ಷೆಯ ಮೇಲೆ ಬಣ್ಣ ಹಚ್ಚಿ ತೋರಿಸುವ ಆನ್‌ಎಕ್ಸ್ ಎಂಬ ಆ್ಯಪ್ ಇದೆ. (ನಮ್ಮ ಪಹಣಿ, ಪೋಡಿ, ಹದ್ದುಬಸ್ತು ಎಲ್ಲ ಒಂದೇ ಪರದೆಯ ಮೇಲೆ ಹೀಗೆ ಸಿಕ್ಕಿದ್ದರೆ ಎಷ್ಟು ಅಣ್ಣತಮ್ಮಂದಿರ ಜಗಳ ತಪ್ಪುತ್ತಿತ್ತೋ!)

ಅತಿಕ್ರಮ ಪ್ರವೇಶದ ಕ್ರಿಮಿನಲ್ ಕೇಸು ಬಿತ್ತು. 2022ರಲ್ಲಿ ಸ್ಥಳೀಯ ಜ್ಯೂರಿ ನಿರ್ದೋಷಿಗಳೆಂದಿತು. ರ‍್ಯಾಂಚಿನ ಮಾಲೀಕ ತನ್ನ ಆಸ್ತಿಯ ಬೆಲೆ ಬಿತ್ತೆಂದು 70 ಲಕ್ಷ ಡಾಲರಿಗೂ ಹೆಚ್ಚಿನ ಸಿವಿಲ್ ದಾವೆ ಹಾಕಿದ. ಅದರಲ್ಲೂ 2023ರಲ್ಲಿ ಬೇಟೆಗಾರರೇ ಗೆದ್ದರು, 2025ರ ಮಾರ್ಚ್‌ನಲ್ಲಿ ಮೇಲ್ಮನವಿ ಕೋರ್ಟು ಅದನ್ನೇ ಎತ್ತಿಹಿಡಿಯಿತು, ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಪ್ರಕರಣ ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಕೋರ್ಟು ಆಧಾರವಾಗಿ ಹಿಡಿದದ್ದು ಯಾವ ಕಾನೂನು ಗೊತ್ತೇ? 1885ರದ್ದು. ಆಗ ದನ ಸಾಕುವ ಕುಳಗಳು ತಮ್ಮ ತುಂಡುಗಳ ಅಂಚಿಗೆ ಬೇಲಿ ಹಾಕುವ ನೆಪದಲ್ಲಿ ನಡುವಿನ ಸರ್ಕಾರಿ ತುಂಡುಗಳನ್ನೂ ಒಳಗೆ ಹಾಕಿಕೊಳ್ಳುತ್ತಿದ್ದರು. ಅದನ್ನು ತಡೆಯಲು ಮಾಡಿದ ಕಾನೂನು ನೂರಾ ನಲವತ್ತು ವರ್ಷದ ಮೇಲೆ ಏಣಿ ಹತ್ತಿದವರನ್ನು ಕಾಪಾಡಿತು. ಆನ್‌ಎಕ್ಸ್ 2022ರಲ್ಲಿ ಹಾಕಿದ ಲೆಕ್ಕದಂತೆ ಪಶ್ಚಿಮದಲ್ಲಿ ಹೀಗೆ ಮೂಲೆಯಿಂದ ಬಿಟ್ಟರೆ ಬೇರೆ ದಾರಿಯೇ ಇಲ್ಲದ ಸಾರ್ವಜನಿಕ ಜಮೀನು 83 ಲಕ್ಷ ಎಕರೆ. ಈ ತೀರ್ಪು ನಡೆಯುವುದು ವಯೋಮಿಂಗ್, ಯೂಟಾ, ಕೊಲರಾಡೋ ಸೇರಿ ಆರು ರಾಜ್ಯಗಳಲ್ಲಿ ಮಾತ್ರ. ಪಕ್ಕದ ಮೊಂಟಾನಾ ಬೇರೆ ಕೋರ್ಟಿನ ವ್ಯಾಪ್ತಿ.

ಇರಲಿ, ಹಳೇ ಕಥೆಗೆ ವಾಪಸ್ ಬರೋಣ. ಇಷ್ಟೆಲ್ಲ ಮಾರಿದರು, ಹಂಚಿದರು ಅಂದೆನಲ್ಲ, ಮಾರುವ ಮುಂಚೆ ಅದು ಸರ್ಕಾರದ್ದಾಗಬೇಕಲ್ಲ? ಒಂದೇ ಉದಾಹರಣೆ ಕೊಡುತ್ತೇನೆ. ಮೊಂಟಾನಾ-ವಯೋಮಿಂಗ್ ಸೀಮೆಯ ಕ್ರೋ ಬುಡಕಟ್ಟಿನವರದ್ದು ಅಂತ 1851ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಸರ್ಕಾರವೇ ಗುರುತಿಸಿದ್ದು ಸುಮಾರು 3.8 ಕೋಟಿ ಎಕರೆ. 1868ರಲ್ಲಿ ಇನ್ನೊಂದು ಒಪ್ಪಂದ. ಅದರಲ್ಲಿ 3 ಕೋಟಿ ಎಕರೆಗೂ ಹೆಚ್ಚು ಬಿಟ್ಟುಕೊಟ್ಟು ಅವರಿಗೆ ಉಳಿದದ್ದು ಸುಮಾರು 80 ಲಕ್ಷ. ಬದಲಿಗೆ ಅವರು ಒಂದು ಷರತ್ತು ಬರೆಸಿಕೊಂಡರು: ಅಮೆರಿಕ ಸರ್ಕಾರದ ಖಾಲಿ ಜಮೀನಿನಲ್ಲಿ, ಬೇಟೆಯ ಪ್ರಾಣಿ ಸಿಗುವವರೆಗೂ, ಬೇಟೆಯಾಡುವ ಹಕ್ಕು. ಈ ಷರತ್ತನ್ನು ನೆನಪಿಟ್ಟುಕೊಂಡಿರಿ, ಮುಂದೆ ಬರುತ್ತದೆ.

ಮಾರಾಟದ ಭರಾಟೆಯ ಜೊತೆಗೇ ಪ್ರಾಣಿಗಳೂ ಖಾಲಿಯಾದವು. ಕೋಟಿಗಟ್ಟಲೆ ಇದ್ದ ಬೈಸನ್ 1880ರ ದಶಕ ಮುಗಿಯುವ ಹೊತ್ತಿಗೆ ಸಾವಿರದ ಆಸುಪಾಸಿಗೆ ಇಳಿಯಿತು. ಕೊಂದವರೂ ಬೇಟೆಗಾರರೇ. ಚರ್ಮಕ್ಕೆ, ಪೇಟೆಯ ಮಾಂಸದಂಗಡಿಗೆ ಹೊಡೆದವರು. ಇವರನ್ನು ಸಾಧು ಸಂತರನ್ನಾಗಿ ಮಾಡುವ ಅಗತ್ಯ ಖಂಡಿತ ಇಲ್ಲ. ಆದರೆ ಇದನ್ನು ನೋಡಿ ಮೊದಲು ಗಾಬರಿಯಾದವರಲ್ಲೂ ಬೇಟೆಗಾರರಿದ್ದರು. 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಮತ್ತು ಜಾರ್ಜ್ ಬರ್ಡ್ ಗ್ರಿನೆಲ್ ಸೇರಿ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಅಂತ ಕಟ್ಟಿದರು. ಶ್ರೀಮಂತ ಶಿಕಾರಿಗಳ ಕ್ಲಬ್ಬು ನಿಜ. ಆದರೆ ಇದರ ಜನ ಸರ್ಕಾರದಲ್ಲಿ ಪ್ರಭಾವ ಇದ್ದವರು. 1891ರಲ್ಲಿ ಅಧ್ಯಕ್ಷರಿಗೆ ಕಾಡನ್ನು ಮೀಸಲಿಡುವ ಅಧಿಕಾರ ಕೊಡುವ ಕಾನೂನಾಯಿತು. ಮಾರುವುದೇ ಕೆಲಸವಾಗಿದ್ದ ಸರ್ಕಾರ ಮೊದಲ ಸಲ 'ಇದನ್ನು ಇಟ್ಟುಕೊಳ್ಳೋಣ' ಅಂದದ್ದು ಆ ಕಾಲದಲ್ಲೇ.

ರೂಸ್‌ವೆಲ್ಟ್ 1901ರಲ್ಲಿ ಅಧ್ಯಕ್ಷರಾದ ಮೇಲೆ ಮೀಸಲು ಕಾಡುಗಳು ಬೆಳೆದ ವೇಗಕ್ಕೆ ಪಶ್ಚಿಮದ ಸೆನೆಟರುಗಳು ಬೆಚ್ಚಿಬಿದ್ದರು. 1907ರಲ್ಲಿ ಆರೆಗಾನಿನ ಸೆನೆಟರ್ ಚಾರ್ಲ್ಸ್ ಫುಲ್ಟನ್, ಇನ್ನು ಮುಂದೆ ಆರು ರಾಜ್ಯಗಳಲ್ಲಿ ಅಧ್ಯಕ್ಷರು ಹೊಸ ಮೀಸಲು ಕಾಡು ಮಾಡುವಂತಿಲ್ಲ ಎಂಬ ಒಂದು ಸಾಲನ್ನು ಕೃಷಿ ಖರ್ಚಿನ ಮಸೂದೆಯೊಳಗೆ ತೂರಿಸಿದರು. ಇಡೀ ಮಸೂದೆಗೆ ಸಹಿ ಹಾಕದೆ ಇದ್ದರೆ ಇಲಾಖೆಗೆ ದುಡ್ಡಿಲ್ಲ, ಹಾಕಿದರೆ ಕಾಡಿಲ್ಲ. ಆಗ ಅರಣ್ಯ ಇಲಾಖೆಯ ಮುಖ್ಯಸ್ಥ ಗಿಫರ್ಡ್ ಪಿಂಚೋ ಮತ್ತು ಅವರ ಗುಮಾಸ್ತರು ಹಗಲು ರಾತ್ರಿ ನಕ್ಷೆಗಳ ಮುಂದೆ ಕೂತು ಗೆರೆ ಎಳೆದರು. ಸಹಿಯ ಗಡುವು ಮುಗಿಯುವ ಮುನ್ನ ರೂಸ್‌ವೆಲ್ಟ್ 1.6 ಕೋಟಿ ಎಕರೆಯನ್ನು ಮೀಸಲು ಕಾಡು ಅಂತ ಘೋಷಿಸಿ, ಆಮೇಲೆ ಅದೇ ಕೈಯಲ್ಲಿ ಮಸೂದೆಗೆ ಸಹಿ ಹಾಕಿದರು! ಜನ ಇವುಗಳನ್ನು 'ಮಧ್ಯರಾತ್ರಿಯ ಕಾಡುಗಳು' ಅಂತ ಕರೆದರು. ಡೆಡ್‌ಲೈನಿನ ಹಿಂದಿನ ರಾತ್ರಿಯ ಕೆಲಸ ನಮಗೆ ಮಾತ್ರ ಅಲ್ಲ ಅಂತ ಓದಿ ಸಮಾಧಾನವಾಯಿತು.

ಆಮೇಲೆ ಬೇಟೆಗಾರರು ಜೇಬಿಗೂ ಕೈ ಹಾಕಿದರು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯ ಪ್ರಕಾರ ಬೇಟೆಯ ಬಂದೂಕು, ತೋಟಾಗಳ ಮೇಲಿನ 11 ಪರ್ಸೆಂಟ್ ತೆರಿಗೆ ನೇರವಾಗಿ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ಇಲ್ಲಿಯವರೆಗೆ ಹೀಗೆ ಹೋದದ್ದು ಸಾವಿರ ಕೋಟಿ ಡಾಲರಿಗೂ ಹೆಚ್ಚು. ಒಂದು ಲಕ್ಷದ ಒಳಗೆ ಇಳಿದಿದ್ದ ಎಲ್ಕ್ ಈಗ ಸುಮಾರು ಹತ್ತು ಲಕ್ಷ ಇರುವುದರ ಹಿಂದೆ ಈ ದುಡ್ಡೂ ಇದೆ, ಈ ಜಮೀನೂ ಇದೆ. 'ನಾವು ದುಡ್ಡು ಹಾಕಿ ಬೆಳೆಸಿದ್ದು' ಎಂಬ ಮಾತು ಅಲ್ಲಿನ ಬೇಟೆಗಾರ ಆಗಾಗ ಆಡುತ್ತಾನೆ. ಪೂರ್ತಿ ಸುಳ್ಳಲ್ಲ.

ಹಾಗಾದರೆ ಮಾರಾಟದ ಮಾತು ಮುಗಿಯಿತೇ? ಎಲ್ಲಿ ಮುಗಿಯುತ್ತೆ!

1929ರಲ್ಲಿ ಅಧ್ಯಕ್ಷ ಹೂವರ್ ಒಂದು ಆಫರ್ ಕೊಟ್ಟರು. ಉಳಿದಿರುವ ಹುಲ್ಲುಗಾವಲು ಜಮೀನನ್ನೆಲ್ಲ ರಾಜ್ಯಗಳೇ ತೆಗೆದುಕೊಳ್ಳಲಿ, ಆದರೆ ಅಡಿಯ ಖನಿಜ ಕೇಂದ್ರಕ್ಕೇ ಇರಲಿ. ರಾಜ್ಯಗಳು ಬೇಡ ಅಂದವು. ಯೂಟಾದ ಆಗಿನ ಗವರ್ನರ್ ಜಾರ್ಜ್ ಡರ್ನ್ ಹೇಳಿದ್ದರ ಸಾರ, ಇಂಥ ಜಮೀನು ನಮ್ಮ ಹತ್ತಿರ ಆಗಲೇ ಬೇಕಾದಷ್ಟಿದೆ, ಮಾರೋಣ ಅಂದರೆ ಕೊಳ್ಳುವವರಿಲ್ಲ, ಗುತ್ತಿಗೆಗೂ ಕೇಳುವವರಿಲ್ಲ ಅಂತ. ಇದೇ ಯೂಟಾ 2012ರಲ್ಲಿ, ಕೇಂದ್ರ ತನ್ನ ಜಮೀನನ್ನು 2014ರ ಕೊನೆಯೊಳಗೆ ನಮಗೆ ಒಪ್ಪಿಸಬೇಕು ಅಂತ ಕಾನೂನು ಮಾಡಿತು. 2024ರಲ್ಲಿ 1.85 ಕೋಟಿ ಎಕರೆಗಾಗಿ ನೇರ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. 2025ರ ಜನವರಿಯಲ್ಲಿ ಕೋರ್ಟು ಕೇಸನ್ನೇ ತೆಗೆದುಕೊಳ್ಳಲಿಲ್ಲ. ಅಂದಹಾಗೆ ಯೂಟಾ ರಾಜ್ಯವಾಗುವಾಗ ತನ್ನದೇ ಸಂವಿಧಾನದಲ್ಲಿ ಆ ಜಮೀನುಗಳ ಮೇಲಿನ ಹಕ್ಕನ್ನು ಶಾಶ್ವತವಾಗಿ ಬಿಟ್ಟುಕೊಟ್ಟಿದ್ದೇನೆ ಅಂತ ಬರೆದುಕೊಂಡಿದೆ. ಅದು 1896ರ ಮಾತು, ಯಾರು ನೆನಪಿಟ್ಟುಕೊಳ್ಳುತ್ತಾರೆ ಬಿಡಿ.

1946ರಲ್ಲಿ ದೊಡ್ಡ ದನದ ಮಾಲೀಕರು ಎದ್ದರು. ಕೇಂದ್ರದ ಹುಲ್ಲುಗಾವಲುಗಳನ್ನು ರಾಜ್ಯಗಳಿಗೆ ಕೊಡಿಸಿ, ಅಲ್ಲಿಂದ ಅಗ್ಗದಲ್ಲಿ ತಾವು ಕೊಳ್ಳುವ ಯೋಜನೆ. ಇದನ್ನು ಬಯಲಿಗೆಳೆದದ್ದು ಯೂಟಾದಲ್ಲೇ ಹುಟ್ಟಿದ ಬರ್ನಾರ್ಡ್ ಡಿವೋಟೋ ಎಂಬ ಬರಹಗಾರ. ಹಾರ್ಪರ್ಸ್ ಮ್ಯಾಗಜೀನ್‌ನ 1947ರ ಜನವರಿ ಸಂಚಿಕೆಯಲ್ಲಿ ಒಂದು ಲೇಖನ ಬರೆದರು. ಪಶ್ಚಿಮವನ್ನು ಕೊಳ್ಳೆ ಹೊಡೆಯುತ್ತಿರುವವರು ಹೊರಗಿನವರಷ್ಟೇ ಅಲ್ಲ, ಒಳಗಿನವರೂ ಹೌದು ಅನ್ನುವುದು ಅವರ ವಾದ. ಮೀನು ಹಿಡಿಯುವವರ, ಬೇಟೆಯಾಡುವವರ ಸಂಘಗಳು ಗದ್ದಲವೆಬ್ಬಿಸಿದವು. ಯೋಜನೆ ಬಿತ್ತು.

ಕಡೆಗೆ 1976ರಲ್ಲಿ ಕಾಂಗ್ರೆಸ್ಸು ಒಂದು ಕಾಯಿದೆ ಮಾಡಿ, ದೇಶದ ಹಿತಕ್ಕೆ ಅಂತ ಖಚಿತವಾದರೆ ಮಾತ್ರ ಮಾರಾಟ, ಇಲ್ಲದಿದ್ದರೆ ಈ ಜಮೀನು ಸರ್ಕಾರದ ಬಳಿಯೇ ಇರಬೇಕು ಅಂದಿತು. ಹೋಮ್‌ಸ್ಟೆಡ್ ಕಾಯಿದೆಯನ್ನೂ ರದ್ದು ಮಾಡಿತು (ಅಲಾಸ್ಕಾಗೆ ಇನ್ನು ಹತ್ತು ವರ್ಷ ವಿನಾಯಿತಿ). ನನ್ನನ್ನು ಈ ಕಥೆಯಲ್ಲಿ ಹಿಡಿದು ನಿಲ್ಲಿಸಿದ್ದು ಈ ಇಸವಿಯೇ. ದೇಶ ಹುಟ್ಟಿ ಇನ್ನೂರು ವರ್ಷವಾದ ಮೇಲೆ 'ನಾವು ಮಾರುವವರಲ್ಲ' ಎಂಬ ಮಾತು ಕಾನೂನಿನಲ್ಲಿ ಬಂತು. ಇನ್ನೂರು ವರ್ಷದ ಅಭ್ಯಾಸದ ಎದುರು ಇನ್ನೂ ಐವತ್ತು ವರ್ಷದ ವ್ರತ! ಬೇಟೆಗಾರನಿಗೆ ನಂಬಿಕೆ ಬರದಿದ್ದರೆ ಅವನದ್ದೇನು ತಪ್ಪು?

ಮೂರೇ ವರ್ಷಕ್ಕೆ, 1979ರಲ್ಲಿ, ನೆವಾಡಾ ಶಾಸನಸಭೆ ಬಿ.ಎಲ್.ಎಂ. ಜಮೀನೆಲ್ಲ ನಮ್ಮದು ಅಂತ ಘೋಷಿಸಿತು. ಆ ಒಣ ಸೀಮೆಯಲ್ಲಿ ಬೆಳೆಯುವ ಸೇಜ್‌ಬ್ರಶ್ ಎಂಬ ಕುರುಚಲು ಗಿಡದ ಹೆಸರಿನಿಂದಲೇ ಇದಕ್ಕೆ 'ಸೇಜ್‌ಬ್ರಶ್ ದಂಗೆ' ಎಂಬ ಹೆಸರು ಬಂತು. ರೇಗನ್ 1980ರ ಚುನಾವಣೆಯ ಪ್ರಚಾರದಲ್ಲಿ ನಾನೂ ಈ ದಂಗೆಯವನೇ ಅಂದರು. ಗೆದ್ದ ಮೇಲೆ 1982ರಲ್ಲಿ ಅವರ ಸರ್ಕಾರ ಸಾಲ ತೀರಿಸಲು ಸರ್ಕಾರಿ ಆಸ್ತಿ ಮಾರುವ ಯೋಜನೆ ಹಾಕಿತು. 3.5 ಕೋಟಿ ಎಕರೆವರೆಗಿನ ಲೆಕ್ಕ ಹರಿದಾಡಿತು. ತಮಾಷೆ ಏನೆಂದರೆ, ಮಾರಾಟ ಅಂದಕೂಡಲೇ ದಂಗೆಯೆದ್ದಿದ್ದ ರ‍್ಯಾಂಚರುಗಳೇ ತಣ್ಣಗಾದರು. ಸರ್ಕಾರಕ್ಕೆ ಅಗ್ಗದ ಮೇವಿನ ಬಾಡಿಗೆ ಕಟ್ಟಿ ಆರಾಮಾಗಿದ್ದವರು, ಹರಾಜಿನಲ್ಲಿ ಎಣ್ಣೆ ಕಂಪನಿಗಳ ಎದುರು ಕೂಗಲು ಸಾಧ್ಯವೇ? ಬೇಟೆಗಾರರಂತೂ ಮೊದಲೇ ವಿರುದ್ಧ ಇದ್ದರು. 1983ರ ಹೊತ್ತಿಗೆ ಎಲ್ಲ ಸದ್ದಡಗಿತು.

2005ರಲ್ಲಿ ಗಣಿ ಕಾನೂನಿನ ತಿದ್ದುಪಡಿ ಅಂತ ಬಂತು, 2006ರಲ್ಲಿ ಹಳ್ಳಿ ಶಾಲೆಗಳ ಖರ್ಚಿಗೆ ಮೂರು ಲಕ್ಷ ಎಕರೆ ಕಾಡು ಅಂತ ಬಂತು. ಎರಡೂ ಬಿದ್ದವು. 2017ರ ಜನವರಿಯಲ್ಲಿ ಯೂಟಾದ ಜೇಸನ್ ಚಾಫೆಟ್ಜ್ ಹತ್ತು ರಾಜ್ಯಗಳ 33 ಲಕ್ಷ ಎಕರೆ ಮಾರುವ ಮಸೂದೆ ತಂದರು. ಮೊಂಟಾನಾದ ರಾಜಧಾನಿ ಹೆಲೆನಾದಲ್ಲಿ ಚಳಿಯಲ್ಲೂ ಜನ ಸೇರಿದರು. ಇವರಲ್ಲಿ ಬಹಳಷ್ಟು ಜನ ಚಾಫೆಟ್ಜ್ ಅವರ ಪಕ್ಷಕ್ಕೇ ಓಟು ಹಾಕುವವರು. ಬಂದೂಕಿನ ವಿಷಯಕ್ಕೆ ಒಂದು ಪಕ್ಷ, ಜಮೀನಿನ ವಿಷಯಕ್ಕೆ ಇನ್ನೊಂದು ಪಕ್ಷ, ಎರಡೂ ಒಂದರಲ್ಲೇ ಸಿಗದ ಪಾಡು ಅವರದ್ದು. ಹತ್ತು ದಿನದೊಳಗೆ ಚಾಫೆಟ್ಜ್ ಬೇಟೆಯ ಬಟ್ಟೆ ತೊಟ್ಟು, ನಾಯಿಯನ್ನು ಎತ್ತಿಕೊಂಡ ಫೋಟೋ ಇನ್‌ಸ್ಟಾಗ್ರಾಂನಲ್ಲಿ ಹಾಕಿ, ಮಸೂದೆ ವಾಪಸ್ ಅಂದರು.

'ಕೇಂದ್ರದಿಂದ ರಾಜ್ಯಕ್ಕೆ ಹೋದರೇನಂತೆ, ಅದೂ ಸರ್ಕಾರವೇ ತಾನೇ' ಅಂತ ನೀವು ಕೇಳಬಹುದು. ಇದಕ್ಕೆ ಬೇಟೆಗಾರರ ಬಳಿ ಒಂದು ರೆಡಿ ಉತ್ತರ ಇದೆ: ನೆವಾಡಾ. ಆ ರಾಜ್ಯಕ್ಕೆ ಶಾಲೆ ಇತ್ಯಾದಿಗೆ ಅಂತ ಕೇಂದ್ರ ಕೊಟ್ಟಿದ್ದು ಸುಮಾರು 27 ಲಕ್ಷ ಎಕರೆ. ಅದರಲ್ಲಿ ರಾಜ್ಯದ ಕೈಯಲ್ಲಿ ಉಳಿದಿರುವುದು ಸುಮಾರು 3 ಸಾವಿರ ಎಕರೆ. ಯೂಟಾ ತನಗೆ ಸಿಕ್ಕಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಮಾರಿದೆ. ರಾಜ್ಯಗಳು ಕೆಟ್ಟವು ಅಂತಲ್ಲ. ಆ ಜಮೀನಿನಿಂದ ಶಾಲೆಗಳಿಗೆ ದುಡ್ಡು ಹುಟ್ಟಿಸಬೇಕು ಎಂಬುದು ಅವುಗಳ ಮೇಲಿರುವ ಕಾನೂನಿನ ಹೊಣೆ. ಬಜೆಟ್ಟು ಕೊರತೆ ಬೀಳುವಂತಿಲ್ಲ, ಒಂದು ವರ್ಷ ಕಾಡ್ಗಿಚ್ಚು ಜೋರಾದರೆ ಆರಿಸುವ ಖರ್ಚಿಗೇ ಮಾರಬೇಕಾಗುತ್ತದೆ. ರಾಜ್ಯಕ್ಕೆ ಕೊಡುವುದು ಮಾರಾಟದ ಮೊದಲ ಕಂತು ಅಂತ ಅವರು ನಂಬಿರುವುದು ಸುಮ್ಮನೆ ಅಲ್ಲ.

ಈಗ ಆ ಅರ್ಧ ಪರ್ಸೆಂಟಿಗೆ ಬರೋಣ. ಮೈಕ್ ಲೀ ಅವರ ವಾದದಲ್ಲಿ ಹುರುಳೇ ಇಲ್ಲ ಅಂತ ನಾನು ಹೇಳುವುದಿಲ್ಲ. ಸುತ್ತ ಎಲ್ಲ ಕೇಂದ್ರದ ಜಮೀನೇ ಇರುವ ಊರು ಬೆಳೆಯುವುದು ಹೇಗೆ? ಲಾಸ್ ವೇಗಸ್ ಸುತ್ತ ಇದೇ ಕಾರಣಕ್ಕೆ 1998ರಲ್ಲಿ ಒಂದು ಕಾಯಿದೆ ಮಾಡಿ, ಗೆರೆ ಎಳೆದ ಜಾಗದೊಳಗೆ ಜಮೀನು ಹರಾಜು ಹಾಕುತ್ತಾ ಬಂದಿದ್ದಾರೆ. ಅದಕ್ಕೆ ಇಷ್ಟು ವಿರೋಧ ಬರಲಿಲ್ಲ. ಯಾಕೆಂದರೆ ಬಂದ ದುಡ್ಡಿನ ಹೆಚ್ಚಿನ ಪಾಲು ಅದೇ ಸೀಮೆಯ ಪರಿಸರದ ಕೆಲಸಕ್ಕೆ, ಬೇರೆ ಒಳ್ಳೇ ಜಮೀನು ಕೊಳ್ಳಲಿಕ್ಕೆ ವಾಪಸಾಗುತ್ತದೆ. 2025ರ ಪ್ರಸ್ತಾಪದಲ್ಲಿ ದುಡ್ಡಿನ ಬಹುಪಾಲು ಖಜಾನೆಗೆ. ಮತ್ತೆ ಅರ್ಧದಿಂದ ಮುಕ್ಕಾಲು ಪರ್ಸೆಂಟ್ ಅಂದರೆ 22ರಿಂದ 33 ಲಕ್ಷ ಎಕರೆ. ಆರಿಸಿಕೊಳ್ಳಲು ಅರ್ಹವಾದ ಜಮೀನು 25 ಕೋಟಿ ಎಕರೆ ಅಂತ ಪರಿಸರ ಸಂಘಟನೆಯೊಂದು ನಕ್ಷೆ ಮಾಡಿ ತೋರಿಸಿತು. ನನ್ನ ಬೆಟ್ಟವೋ, ನಿನ್ನ ಬೆಟ್ಟವೋ ಯಾರಿಗೂ ಗೊತ್ತಿಲ್ಲ!

ಬೇಟೆಗಾರನಿಗೆ ಗೊತ್ತಿರುವ ಇನ್ನೊಂದು ವಿಷಯವಿದೆ. ಮನೆ ಕಟ್ಟಲು ಬೇಕಾಗುವುದು ರಸ್ತೆಗೆ, ಊರಿಗೆ ಹತ್ತಿರದ, ತಗ್ಗಿನ, ಸಮತಟ್ಟು ಜಾಗ. ಬೇಸಿಗೆಯಲ್ಲಿ ಎತ್ತರದಲ್ಲಿರುವ ಎಲ್ಕ್ ಮತ್ತು ಮ್ಯೂಲ್ ಡಿಯರ್ ಜಿಂಕೆಗಳು ಹಿಮ ಬಿದ್ದಾಗ ಬದುಕಲು ಇಳಿದು ಬರುವುದೂ ಅದೇ ತಗ್ಗಿನ ಸೇಜ್‌ಬ್ರಶ್ ಬಯಲಿಗೆ. ವಯೋಮಿಂಗ್‌ನ ರೆಡ್ ಡೆಸರ್ಟ್‌ನಿಂದ ಹೊಬ್ಯಾಕ್ ಕಣಿವೆಯವರೆಗೆ ಮ್ಯೂಲ್ ಡಿಯರ್‌ಗಳು ಪ್ರತಿವರ್ಷ 150 ಮೈಲಿ ನಡೆಯುತ್ತವೆ ಅಂತ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಕಂಡುಹಿಡಿದಿದ್ದಾರೆ. ಅಂಥ ದಾರಿಯಲ್ಲಿ ಒಂದು ಕಡೆ ಸಾಲು ಮನೆ ಎದ್ದರೆ ಸಾಕು. ಇಡೀ ರಾಜ್ಯದ ಅರ್ಧ ಪರ್ಸೆಂಟ್, ಒಂದು ಹಿಂಡಿನ ಮಟ್ಟಿಗೆ ಅರ್ಧ ಆಯುಷ್ಯವಾಗಬಹುದು. ನಮ್ಮ ಆನೆದಾರಿಗಳ ಸುದ್ದಿ ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜೂನ್‌ನಲ್ಲಿ ನಡೆದದ್ದು ಇಷ್ಟು. ಮೇ ತಿಂಗಳಲ್ಲೇ ಕೆಳಮನೆಯಲ್ಲಿ ನೆವಾಡಾ-ಯೂಟಾದ ಜಮೀನು ಮಾರುವ ಇನ್ನೊಂದು ತಿದ್ದುಪಡಿಯನ್ನು ಮೊಂಟಾನಾದ ರಯಾನ್ ಜಿಂಕಿ ಮುಂದೆ ನಿಂತು ತೆಗೆಸಿದ್ದರು. ಟ್ರಂಪ್ ಅವರದ್ದೇ ಪಕ್ಷದವರು, ಅವರ ಮೊದಲ ಸರ್ಕಾರದಲ್ಲಿ ಇದೇ ಜಮೀನುಗಳ ಖಾತೆಯ ಮಂತ್ರಿಯಾಗಿದ್ದವರು. ಸೆನೆಟ್ಟಿನ ಪ್ರಸ್ತಾಪದಿಂದ ಮೊಂಟಾನಾವನ್ನು ಮೊದಲೇ ಹೊರಗಿಟ್ಟಿದ್ದರು, ಆದರೂ ಆ ರಾಜ್ಯದ ಸೆನೆಟರುಗಳು ಒಪ್ಪಲಿಲ್ಲ. ಐಡಾಹೋದವರೂ ಬೇಡ ಅಂದರು. ಬಜೆಟ್ ಮಸೂದೆಯಲ್ಲಿ ಇದು ಬರುವಂತಿಲ್ಲ ಅಂತ ಸೆನೆಟ್ಟಿನ ನಿಯಮ ನೋಡುವ ಅಧಿಕಾರಿಯೂ ಹೇಳಿದರು. ಲೀ ಅರಣ್ಯ ಇಲಾಖೆಯ ಜಮೀನು ಬಿಟ್ಟು, ಊರುಗಳಿಂದ ಐದು ಮೈಲಿಯೊಳಗೆ ಅಂತ ತಿದ್ದಿ ಮತ್ತೆ ತಂದರು. ಬೇಟೆಗಾರರ ಫೋನು, ಈಮೇಲು, ಪಾಡ್‌ಕಾಸ್ಟು ನಿಲ್ಲಲಿಲ್ಲ. ಜೂನ್ 28ರಂದು ಪ್ರಸ್ತಾಪ ವಾಪಸಾಯಿತು.

ಇನ್ನು ಆ 1868ರ ಷರತ್ತು. ವಯೋಮಿಂಗ್ 1890ರಲ್ಲಿ ರಾಜ್ಯವಾಯಿತು. 1896ರಲ್ಲಿ ಇಂಥದ್ದೇ ಒಪ್ಪಂದವಿದ್ದ ಬ್ಯಾನಕ್ ಬುಡಕಟ್ಟಿನವನೊಬ್ಬನ ಕೇಸಿನಲ್ಲಿ, ರಾಜ್ಯವಾದ ಮೇಲೆ ಒಪ್ಪಂದದ ಬೇಟೆಯ ಹಕ್ಕು ಮುಗಿಯಿತು ಅಂತ ಸುಪ್ರೀಂ ಕೋರ್ಟು ಹೇಳಿಬಿಟ್ಟಿತ್ತು. 2014ರ ಜನವರಿಯ ಹಿಮದಲ್ಲಿ ಕ್ರೋ ಬುಡಕಟ್ಟಿನ ಒಬ್ಬ ಬೇಟೆಗಾರ ಎಲ್ಕ್ ಹಿಂಡಿನ ಜಾಡು ಹಿಡಿದು ಮೊಂಟಾನಾದ ತಮ್ಮ ನೆಲೆಯಿಂದ ವಯೋಮಿಂಗ್‌ನ ಬಿಗ್‌ಹಾರ್ನ್ ನ್ಯಾಷನಲ್ ಫಾರೆಸ್ಟಿನೊಳಗೆ ಬಂದ, ಎಲ್ಕ್ ಹೊಡೆದ, ಮಾಂಸ ಮನೆಗೆ ಒಯ್ದ. ರಾಜ್ಯ ಕೇಸು ಹಾಕಿತು. ಅದು ಸುಪ್ರೀಂ ಕೋರ್ಟಿಗೆ ಹೋಗಿ 2019ರಲ್ಲಿ ಐದು-ನಾಲ್ಕರ ತೀರ್ಪು ಬಂತು: ರಾಜ್ಯವಾದ ಮಾತ್ರಕ್ಕೆ ಹಕ್ಕು ಸತ್ತಿಲ್ಲ, ನ್ಯಾಷನಲ್ ಫಾರೆಸ್ಟ್ ಅಂತ ಹೆಸರಿಟ್ಟ ಮಾತ್ರಕ್ಕೆ ಆ ನೆಲ 'ಯಾರೋ ನೆಲೆಸಿರುವ' ನೆಲವೂ ಆಗಲಿಲ್ಲ. ಮೂರು ಕೋಟಿ ಎಕರೆ ಬಿಟ್ಟುಕೊಟ್ಟದ್ದಕ್ಕೆ ಬರೆಸಿಕೊಂಡ ಆ ಒಂದು ಷರತ್ತು ಇವತ್ತಿಗೂ ನಡೆಯುತ್ತದೆ. ಆದರೆ ಅದು ನಡೆಯುವುದು ಸರ್ಕಾರದ ಖಾಲಿ ಜಮೀನಿನಲ್ಲಿ ಮಾತ್ರ. ಮಾರಿದ ತುಂಡಿನಲ್ಲಿ ಮನೆ ಎದ್ದರೆ, ಪ್ಲಂಬರ್ ಬೇಟೆಗಾರ ಇನ್ನೊಂದು ಬೆಟ್ಟ ಹುಡುಕಿಕೊಂಡು ಹೋಗುತ್ತಾನೆ. ಕ್ರೋ ಜನರ ಒಪ್ಪಂದದಲ್ಲಿ ಅಷ್ಟು ಎಕರೆ ಕಡಿಮೆಯಾಗುತ್ತದೆ.